ಹೊಸದುರ್ಗ ಎಲ್ಲಿದೆಯೆಂದು ಯಾರನ್ನು ಕೇಳುವುದು?

ಹೊಸದುರ್ಗವೆಂದರೆ ಯಾವ ಹೊಸದುರ್ಗ? ನಮ್ಮ ಜಿಲ್ಲೆಯ ವಾಚಕ ಬಂಧುಗಳಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸೀತು. ಆದರೆ ಕಾಸರಗೋಡಿನ ಕನ್ನಡಿಗರನ್ನು ಕೇಳಿ ನೋಡಿ. ಅವರಿಗೆ ಹೊಸದುರ್ಗವೆಂದರೆ ಕಾಞಂಗಾಡಿನ ಬಳಿ ಕೆಳದಿಯ ಅರಸರು ಕಟ್ಟಿಸಿದ ಕೋಟೆಯ ಸ್ಥಳ; ಅಲ್ಲಿಯ ತಾಲ್ಲೂಕಿಗೂ ಅದೇ ಹೆಸರು. ಒಂದೇ ಹೆಸರಿನ ಎರಡು ತಾಲ್ಲೂಕುಗಳು ಎರಡು ರಾಜ್ಯಗಳಲ್ಲಿವೆ. ಅಷ್ಟೇಕೆ, ನಮ್ಮ ಹೊಸದುರ್ಗದ ಹೆಸರನ್ನೇ ನಂಬಿ ‘ಹೊಸದುರ್ಗ ರೋಡ್’ ಎಂಬ ರೈಲು ನಿಲ್ದಾಣದಲ್ಲಿ ಇಳಿದ ಪರಸ್ಥಳದವರು ಊರು ಸೇರಲು ಮತ್ತೊಂದು ವಾಹನವನ್ನು ಹಿಡಿಯಲೇಬೇಕು. ಹೆಸರು ಹೀಗೆ ಮೋಸ ಮಾಡುವುದುಂಟೆಂದು ಅರಿತೇ ಅಂಚೆ ಇಲಾಖೆಯವರು 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಸಂಖ್ಯೆಯನ್ನು ಜಾರಿಗೆ ತಂದರು. ಹೊಳಲ್ಕೆರೆಗೆ 577526, ಹೊಸದುರ್ಗಕ್ಕೆ 577527. ಕೊನೆಯ ಒಂದಂಕಿ ತಪ್ಪಿದರೆ ಮದುವೆಯ ಕರೆಯೋಲೆ ಪಕ್ಕದ ತಾಲ್ಲೂಕಿಗೆ ಹೋಗಿ ಕುಳಿತುಕೊಳ್ಳುತ್ತದೆ. ಮನುಷ್ಯನು ಹೆಸರನ್ನು ನೆನಪಿಡುತ್ತಾನೆ. ಟಪಾಲಿನ ಚೀಲಕ್ಕೆ ಬೇಕಾದದ್ದು ಅಂಕಿ.

ಗಣಕಯಂತ್ರಗಳ ಲೋಕದಲ್ಲಿಯೂ ವ್ಯವಹಾರ ಇದೇ ಬಗೆಯದು. ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ಅಂಕಿಯ ವಿಳಾಸವುಂಟು. ನಾವು ಬೆರಳಚ್ಚು ಮಾಡುವುದಾದರೋ ಹೆಸರನ್ನು. ಈ ಹೆಸರನ್ನು ಆ ಅಂಕಿಗೆ ತಿರುಗಿಸಿಕೊಡುವ ಏರ್ಪಾಡಿಗೆ ಡಿಎನ್‌ಎಸ್ ಎಂದು ಹೆಸರು. ಸಣ್ಣ ಕಚೇರಿಯೊಂದರಲ್ಲಿ ಈ ಏರ್ಪಾಡನ್ನು ಹೇಗೆ ಮಾಡಿಕೊಳ್ಳಬೇಕು, ತನಗೆ ತಿಳಿಯದ ಹೆಸರನ್ನು ಕಚೇರಿಯ ಸರ್ವರು ಯಾರನ್ನು ಕೇಳಬೇಕು ಎಂಬುದೇ ಈ ತಿಂಗಳು ನಾವು ಎತ್ತಿಕೊಂಡ ವಿಷಯ.

ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಇದೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣವಿದೆ. ಭಾರತದ ಮೊದಲ ಗ್ರಾಮೀಣ ಸಹಕಾರ ಪತ್ತಿನ ಸಂಘ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಅಂದಿನ ಸಂಘಕ್ಕೆ ಒಂದು ಪೆಟ್ಟಿಗೆ, ಒಂದು ಖಾತೆ ಪುಸ್ತಕ ಸಾಕಾಗಿತ್ತು. ಇಂದಿನ ಸಂಘದ ಲೆಕ್ಕ ಗಣಕದಲ್ಲಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಈ ಸಂಘಗಳ ತಂತ್ರಾಂಶವಿರುವುದು ದೂರದ ಕೇಂದ್ರದಲ್ಲಿ. ಊರಿನ ಕಚೇರಿಯಲ್ಲಿರುವುದು ಕಿಟಕಿ ಮಾತ್ರ. ಕಿಟಕಿ ತೆರೆಯಬೇಕಾದರೆ ಹೆಸರು ಅಂಕಿಯಾಗಲೇಬೇಕು. ಇಂಥ ಸಂಘಗಳಲ್ಲಿ ಕಾರ್ಯದರ್ಶಿಗಳಾಗಿರುವವರು ನಮ್ಮ ಮನೆಗಳ ಮಕ್ಕಳು. ನಿರ್ದೇಶಕರಾಗಿ ದರಪಟ್ಟಿಗೆ ಸಹಿ ಹಾಕುವವರು ನಮ್ಮ ಹಿರಿಯರು. ಯಂತ್ರದ ಬೆಲೆಯಲ್ಲಿ ಐನೂರು ರೂಪಾಯಿ ಇಳಿಸಿಕೊಳ್ಳಲು ಒಂದು ಗಂಟೆ ಚೌಕಾಸಿ ಮಾಡುವ ಹಿರಿಯರು, ‘ಇದು ಹೆಸರುಗಳನ್ನು ಯಾರಲ್ಲಿ ವಿಚಾರಿಸುತ್ತದಪ್ಪಾ?’ ಎಂದು ಒಮ್ಮೆಯೂ ಕೇಳುವುದಿಲ್ಲ. ಗಣಕವೇನು ನಮ್ಮ ಸೀಮೆಗೆ ಹೊಸತಲ್ಲ. ಪಾಣಿನಿಯ ವ್ಯಾಕರಣ ಸೂತ್ರಗಳನ್ನು ಗಣಕಕ್ಕೆ ಅಳವಡಿಸಿದ ‘ಗಣಕಾಷ್ಟಾಧ್ಯಾಯೀ’ ಎಂಬ ತಂತ್ರಾಂಶ ಸಿದ್ಧವಾದದ್ದು ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರ ಪರಿಶ್ರಮದಿಂದ. ಆ ಸಿರಿಗೆರೆ ಇರುವುದು ಚಿತ್ರದುರ್ಗ ತಾಲ್ಲೂಕಿನಲ್ಲಿಯೇ. ಅಷ್ಟಧ್ಯಾಯಿಯೇ ಗಣಕಕ್ಕೆ ಒಗ್ಗಿರುವಾಗ ಈ ಸಣ್ಣ ವಿಚಾರ ನಮಗೆ ಒಗ್ಗದೆ ಹೋದೀತೆ?

ಮೊದಲು ಸ್ವಲ್ಪ ಪೂರ್ವಕಥೆ. ಅಮೆರಿಕದಲ್ಲಿ ಗಣಕಜಾಲ ಇನ್ನೂ ಕೂಸಾಗಿದ್ದಾಗ ಎಲ್ಲ ಯಂತ್ರಗಳ ಹೆಸರು, ಅಂಕಿಗಳು ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ನೇತೃತ್ವದ ತಂಡ ಆ ಕಡತವನ್ನು ಪಾಲಿಸುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಬರೆದುಕೊಳ್ಳಬೇಕು, ಉಳಿದವರೆಲ್ಲ ಹೊಸ ಪ್ರತಿಯನ್ನು ತರಿಸಿಕೊಳ್ಳಬೇಕು. ಯಂತ್ರಗಳು ನೂರಾರು ಆದಾಗ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವರು ರಾಜ್ಯ, ಜಿಲ್ಲೆ, ತಾಲ್ಲೂಕು, ಹೋಬಳಿಗಳಂತೆ ಹಂತಹಂತವಾಗಿ ಹಂಚಿಹೋಗುವ ವ್ಯವಸ್ಥೆಯನ್ನು ರೂಪಿಸಿದರು. ಇಂದು ನಾವು ಬಳಸುತ್ತಿರುವುದು ಅದನ್ನೇ. ಅದರಲ್ಲಿ ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂಬಲ್ಲಿ ‘ಇನ್’ ದೇಶ, ‘ಗವ್’ ಸರ್ಕಾರ, ‘ಕರ್ನಾಟಕ’ ಮನೆ. ದೇಶದ ಆ ‘ಇನ್’ ದಫ್ತರವನ್ನು 2005ರಿಂದ ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಕನ್ನಡ ಲಿಪಿಯ ‘ಭಾರತ’ ಎಂಬುದೂ ಈಗ ಅಂಥದೇ ಒಂದು ಕೊನೆಯ ಹೆಸರಾಗಿ ಮೂಲ ದಫ್ತರದಲ್ಲಿ ಸೇರಿದೆಯೆಂಬುದು ಸಂತೋಷದ ಸಂಗತಿ; ಬಳಸುವವರು ಬೇಕಷ್ಟೆ.

ಹೆಸರು ಹುಡುಕುವ ಕೆಲಸ ಎರಡು ವಿಧವಾಗಿ ನಡೆಯಬಹುದು. ಕಚೇರಿಯ ಸರ್ವರು ತಾನೇ ಮೂಲ ದಫ್ತರಕ್ಕೆ ಹೋಗಿ ‘ಇನ್’ ಎಲ್ಲಿದೆಯೆಂದು ಕೇಳಿ, ಅಲ್ಲಿಂದ ‘ಗವ್’, ಅಲ್ಲಿಂದ ‘ಕರ್ನಾಟಕ’ ಎಂದು ಮನೆಯಿಂದ ಮನೆಗೆ ಅಲೆದು ತರುವುದು ಒಂದು. ಆ ಅಲೆದಾಟವನ್ನು ದೊಡ್ಡ ಸರ್ವರೊಂದಕ್ಕೆ ಒಪ್ಪಿಸಿ ಉತ್ತರವನ್ನಷ್ಟೇ ಪಡೆಯುವುದು ಇನ್ನೊಂದು. ಈ ಎರಡನೆಯದೇ ಫಾರ್ವರ್ಡಿಂಗ್. ಕನ್ನಡದಲ್ಲಿ ‘ಮುಂದೂಡಿಕೆ’ ಎನ್ನೋಣವೆಂದರೆ ನ್ಯಾಯಾಲಯದ ವಾಯಿದೆಯ ನೆನಪು ಬರುತ್ತದೆ. ಆದ್ದರಿಂದ ಇಂಗ್ಲಿಷಿನ ಪದವನ್ನೇ ಇಟ್ಟುಕೊಳ್ಳೋಣ. ಯಾರಿಗೆ ಒಪ್ಪಿಸುತ್ತೇವೆಯೋ ಆ ಸರ್ವರಿಗೆ ಫಾರ್ವರ್ಡರ್ ಎನ್ನುತ್ತಾರೆ. ಒಮ್ಮೆ ತಂದ ಉತ್ತರವನ್ನು ಕಚೇರಿಯ ಸರ್ವರು ಹಂಡೆಯಲ್ಲಿ ತುಂಬಿಟ್ಟ ನೀರಿನಂತೆ ಕೆಲಕಾಲ ಇಟ್ಟುಕೊಂಡು, ಮತ್ತೊಬ್ಬರು ಅದನ್ನೇ ಕೇಳಿದಾಗ ಬಾವಿಗೆ ಹೋಗದೆ ಮೊಗೆದು ಕೊಡುತ್ತದೆ. ಹತ್ತು ಗಣಕಗಳ ಕಚೇರಿಗೆ ಇದು ಸಾಕಾದಷ್ಟು ವೇಗವನ್ನೂ ಕೊಡುತ್ತದೆ, ಸರಳವೂ ಹೌದು. ಆದರೆ ಈ ಸರಳತೆಗೆ ಬೆಲೆಯೊಂದಿದೆ. ಫಾರ್ವರ್ಡರು ಮೌನವಾದರೆ ಕಚೇರಿ ಕುರುಡಾಗುತ್ತದೆ. ಸುಳ್ಳು ಹೇಳಿದರೆ ಕಚೇರಿ ದಾರಿ ತಪ್ಪುತ್ತದೆ.

ಮೌನವಾದದ್ದರ ಒಂದು ಪ್ರಸಂಗವನ್ನು ನಾವೇ ಕಂಡಿದ್ದೇವೆ. ನಮ್ಮ ಜಿಲ್ಲೆಯ ಒಂದು ಸಂಘ, ಹೆಸರು ಬೇಡ. ಬೆಳೆಸಾಲದ ಕಂತು ಕಟ್ಟಲು ಅಂದು ಹಲವರಿಗೆ ಕಡೆಯ ದಿನ. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ದೊರೆಯುವ ಶೂನ್ಯ ಬಡ್ಡಿಯ ಸಾಲದ ಮಿತಿಯನ್ನು 2023ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದು ವಾಚಕರಿಗೆ ತಿಳಿದದ್ದೇ. ಆದರೆ ಆ ಶೂನ್ಯ ಉಳಿಯುವುದು ವಾಯಿದೆಯೊಳಗೆ ಹಣ ಕಟ್ಟಿದವರಿಗೆ ಮಾತ್ರ. ಅಡಿಕೆ ಮಾರಿದ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ವೃದ್ಧೆಯೊಬ್ಬರಿಗೆ ಮೇಜಿನ ಆಚೆಯಿಂದ ಬಂದ ಉತ್ತರ, ‘ನೆಟ್ ಇಲ್ಲಮ್ಮ, ನಾಳೆ ಬನ್ನಿ.’ ನಾಳೆ ಬಂದರೆ ಬಡ್ಡಿ ಬೀಳುತ್ತದೆಯೆಂದು ಆಕೆ ಅರಿತಿದ್ದರು, ಹೇಳಿದವರಿಗೂ ಅರಿವಿತ್ತು. ಆದರೆ ಯಾರೇನು ಮಾಡಬಲ್ಲರು? ಅದಾಗಲೇ ಎಂಟು ಹತ್ತು ಮಂದಿ ಹಾಗೆಯೇ ಹಿಂದಿರುಗಿದ್ದರು.

ತಂದೆಯ ಕಂತು ಕಟ್ಟಲು ಬಂದು ಸಾಲಿನಲ್ಲಿ ನಿಂತಿದ್ದ ತರುಣನೊಬ್ಬ ರೂಟರಿನ ದೀಪಗಳನ್ನು ನೋಡಿ, ‘ಸಾರ್, ತಂತಿಯೇನೋ ಜೀವಂತವಾಗಿದೆಯಲ್ಲ’ ಎಂದ. ಅನುಮತಿ ಪಡೆದು ಗಣಕದ ಮುಂದೆ ಕುಳಿತ. ಹೆಸರನ್ನು ಬಿಟ್ಟು ಹೊರಗಿನ ಯಂತ್ರವೊಂದರ ಅಂಕಿಯನ್ನೇ ಕೊಟ್ಟು ಪಿಂಗ್ ಮಾಡಿದ. ತಟ್ಟನೆ ಉತ್ತರ ಬಂತು. ಹೆಸರು ಕೊಟ್ಟು ಮಾಡಿದ; ಮೌನ. ಅಲ್ಲಿಗೆ ರೋಗ ಯಾವುದೆಂದು ತಿಳಿಯಿತು. ಕಚೇರಿಯ ಸರ್ವರಿನಲ್ಲಿ ಫಾರ್ವರ್ಡರ್ ಎಂದು ಇದ್ದದ್ದು ಒಂದೇ ಅಂಕಿ. ವರುಷಗಳ ಹಿಂದೆ ಯಂತ್ರವನ್ನು ಸ್ಥಾಪಿಸಿದವರು ಬರೆದು ಹೋದದ್ದು. ಸಂಪರ್ಕ ಒದಗಿಸುವವರು ಆ ಹಳೆಯ ಸರ್ವರನ್ನು ನಿಲ್ಲಿಸಿಬಿಟ್ಟಿದ್ದರು. ಅದರ ಜಾಗದಲ್ಲಿ ಬೇರೆ ಎರಡು ಅಂಕಿಗಳನ್ನು ಬರೆದು ಉಳಿಸಲು ಹಿಡಿದದ್ದು ಐದು ನಿಮಿಷ. ವೃದ್ಧೆ ರಸೀದಿ ಪಡೆದು ಮಧ್ಯಾಹ್ನದ ಬಸ್ಸು ಹತ್ತಿದರು. ಕಾರ್ಯದರ್ಶಿಗಳು ಹಿಂದಿರುಗಿದವರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ ಕರೆಸಿದರು. ಇಬ್ಬರು ಮಾತ್ರ ಸಂಜೆಯೊಳಗೆ ಬರಲಾಗಲಿಲ್ಲ.

ಇನ್ನು ಸುಳ್ಳು ಹೇಳುವ ಫಾರ್ವರ್ಡರಿನ ಮಾತು. 2011ರ ನವೆಂಬರಿನಲ್ಲಿ ಅಮೆರಿಕದ ತನಿಖಾ ಸಂಸ್ಥೆಯಾದ ಎಫ್‌ಬಿಐ ಒಂದು ಕಳ್ಳಕೂಟವನ್ನು ಬಯಲಿಗೆಳೆಯಿತು. ‘ಡಿಎನ್‌ಎಸ್ ಚೇಂಜರ್’ ಎಂಬ ದುಷ್ಟ ತಂತ್ರಾಂಶವು ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಗಣಕಗಳಲ್ಲಿ ಸೇರಿಕೊಂಡು ಒಂದೇ ಒಂದು ಕೆಲಸ ಮಾಡಿತ್ತು. ಹೆಸರು ಕೇಳಬೇಕಾದ ಅಂಕಿಯನ್ನು ಅಳಿಸಿ, ಆ ಜಾಗದಲ್ಲಿ ಕಳ್ಳರ ಸರ್ವರಿನ ಅಂಕಿಯನ್ನು ಬರೆದಿತ್ತು. ಗಣಕದ ಒಡೆಯನಿಗೆ ಏನೂ ತಿಳಿಯದು. ಅವನು ಕೇಳಿದ ಹೆಸರಿಗೆ ಕಳ್ಳರು ತಮಗೆ ಬೇಕಾದ ವಿಳಾಸವನ್ನು ಕೊಟ್ಟು, ಬೇಕಾದ ಜಾಹೀರಾತಿನ ಮುಂದೆ ತಂದು ನಿಲ್ಲಿಸುತ್ತಿದ್ದರು. ಬಂಧನವಾದ ಮೇಲೆಯೂ ಆ ಸರ್ವರುಗಳನ್ನು ಒಮ್ಮೆಗೇ ಮುಚ್ಚಲಾಗಲಿಲ್ಲ. ಮುಚ್ಚಿದರೆ ಲಕ್ಷಾಂತರ ಮಂದಿಗೆ ಜಾಲವೇ ಇಲ್ಲವಾಗುತ್ತಿತ್ತು. ನ್ಯಾಯಾಲಯದ ಅಪ್ಪಣೆಯಂತೆ ಅವುಗಳ ಜಾಗದಲ್ಲಿ ಶುದ್ಧವಾದ ಸರ್ವರುಗಳನ್ನಿಟ್ಟು, ಜನರಿಗೆ ಎಚ್ಚರಿಕೆ ಕೊಡುತ್ತ, 2012ರ ಜುಲೈ 9ರಂದು ನಿಲ್ಲಿಸಿದರು. ಕಚೇರಿಗೆ ಬಂದು ‘ನೆಟ್ ವೇಗ ಮಾಡಿಕೊಡುತ್ತೇನೆ’ ಎಂದು ಅಂಕಿ ಬದಲಿಸಿ ಹೋಗುವ ಅಪರಿಚಿತರನ್ನು ತಿಜೋರಿಯ ಬೀಗ ಬದಲಿಸುವವರಷ್ಟೇ ಎಚ್ಚರದಿಂದ ನೋಡತಕ್ಕದ್ದು.

ಈಗ ನಮ್ಮ ನಾಲ್ಕು ಊರುಗಳಿಗೆ ಬರೋಣ. ಚಿತ್ರದುರ್ಗದಲ್ಲಿ ಪ್ರಧಾನ ಕಚೇರಿಯೂ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಶಾಖೆಗಳೂ ಇರುವ ಒಂದು ಸಂಘವನ್ನು ಕಲ್ಪಿಸಿಕೊಳ್ಳಿ. ನಾಲ್ಕು ಕಡೆಯೂ ಒಂದೊಂದು ಸಣ್ಣ ಸರ್ವರು. ಸದಸ್ಯರ ಕಡತಗಳ ಯಂತ್ರ ಚಿತ್ರದುರ್ಗದಲ್ಲಿದೆ. ಶಾಖೆಗಳು ಅದನ್ನು ತಲಪುವುದು ವಿಪಿಎನ್ ಎಂಬ ಗುಪ್ತಮಾರ್ಗದ ಮೂಲಕ. ಒಳಗಿನ ಅಂಕಿಗಳನ್ನು ಊರಿಗೊಂದು ಸಾಲಾಗಿ ಹಂಚಿಕೊಂಡರೆ ಕಣ್ಣಿಗೆ ಸುಲಭ. ಚಿತ್ರದುರ್ಗಕ್ಕೆ 192.168.10, ಹಿರಿಯೂರಿಗೆ 192.168.20, ಹೊಸದುರ್ಗಕ್ಕೆ 30, ಹೊಳಲ್ಕೆರೆಗೆ 40. ಒಳಗಿನ ಹೆಸರಿಗೆ ಬಾಯಿಗೆ ಬಂದ ಕೊನೆಯನ್ನು ಇಡಬಾರದು. ನಾಳೆ ಹೊರಗಿನವರು ಯಾರಾದರೂ ಅದೇ ಹೆಸರನ್ನು ಕೊಂಡುಕೊಂಡರೆ ಎರಡು ಹೊಸದುರ್ಗಗಳ ಗೊಂದಲ ನಮ್ಮ ಕಚೇರಿಯೊಳಗೇ ಹುಟ್ಟುತ್ತದೆ. ಜಗತ್ತಿನ ಹೆಸರುಗಳ ಮೇಲ್ವಿಚಾರಣೆ ನಡೆಸುವ ಐಕಾನ್ ಸಂಸ್ಥೆಯು 2024ರ ಜುಲೈನಲ್ಲಿ ‘ಇಂಟರ್ನಲ್’ ಎಂಬ ಕೊನೆಯನ್ನು ಖಾಸಗಿ ಬಳಕೆಗೆಂದೇ ಮೀಸಲಿಟ್ಟಿದೆ. ‘ಸಂಘ ಡಾಟ್ ಇಂಟರ್ನಲ್’ ಎಂದಿಟ್ಟುಕೊಂಡರೆ ಆ ಭಯವಿಲ್ಲ. ‘ಲೋಕಲ್’ ಎಂಬ ಕೊನೆ ಬೇಡ. ಮುದ್ರಣಯಂತ್ರಗಳೂ ಫೋನುಗಳೂ ತಮ್ಮತಮ್ಮಲ್ಲಿ ಕೂಗಿಕೊಳ್ಳಲು ಅದನ್ನು ಬಳಸುತ್ತವೆ.

ಹೊಳಲ್ಕೆರೆಯ ಸರ್ವರಿಗೆ ಎರಡು ನಿಯಮ ಹೇಳಬೇಕು. ‘ಸಂಘ ಡಾಟ್ ಇಂಟರ್ನಲ್’ ಎಂದು ಮುಗಿಯುವ ಹೆಸರು ಬಂದರೆ ಚಿತ್ರದುರ್ಗದ ಸರ್ವರನ್ನು ಕೇಳು; ಇನ್ನಾವ ಹೆಸರು ಬಂದರೂ ಹೊರಗಿನ ಈ ಎರಡು ಸರ್ವರುಗಳನ್ನು ಕೇಳು. ಮೊದಲನೆಯದು ಷರತ್ತಿನ ಫಾರ್ವರ್ಡಿಂಗ್. ವಿಂಡೋಸ್ ಸರ್ವರಿನ ಡಿಎನ್‌ಎಸ್ ನಿರ್ವಹಣೆಯಲ್ಲಿ ‘ಕಂಡಿಷನಲ್ ಫಾರ್ವರ್ಡರ್ಸ್’ ಎಂಬ ಕಡತಕೋಶವೇ ಇದೆ; ಲಿನಕ್ಸಿನಲ್ಲಿ ಬೈಂಡ್, ಅನ್‌ಬೌಂಡ್, ಡಿಎನ್‌ಎಸ್‌ಮಾಸ್ಕ್ ಮೊದಲಾದ ಯಾವ ತಂತ್ರಾಂಶದಲ್ಲಿಯೂ ನಾಲ್ಕು ಸಾಲಿನ ಕೆಲಸ.

ಬಹಳ ಕಚೇರಿಗಳಲ್ಲಿ ಶಾಖೆಯ ಎಲ್ಲ ಪ್ರಶ್ನೆಗಳನ್ನೂ ಪ್ರಧಾನ ಕಚೇರಿಗೇ ಕಳುಹಿಸುವ ಪದ್ಧತಿಯಿದೆ. ಯಜಮಾನಿಕೆಗೆ ಅದು ಒಪ್ಪಿಗೆಯಾಗಬಹುದು, ನಮಗೆ ಸಮ್ಮತವಲ್ಲ. ರಸ್ತೆ ಅಗಲಿಸುವ ಯಂತ್ರವೊಂದು ಹೆದ್ದಾರಿಯ ಬದಿಯಲ್ಲಿ ತಂತುವನ್ನು ಕತ್ತರಿಸಿತೆನ್ನಿ. ಚಿತ್ರದುರ್ಗದ ಕಚೇರಿಗೆ ಸಂಪರ್ಕ ಕಡಿದ ಮಾತ್ರಕ್ಕೆ ಹೊಳಲ್ಕೆರೆಯಲ್ಲಿ ಅಡಿಕೆ ಧಾರಣೆ ನೋಡಲಾಗದೆ, ಸರ್ಕಾರದ ಪೋರ್ಟಲು ತೆರೆಯಲಾಗದೆ ಕೈಕಟ್ಟಿ ಕುಳಿತುಕೊಳ್ಳಬೇಕೆ? ಇದಕ್ಕಿಂತಲೂ ಸೂಕ್ಷ್ಮವಾದ ಗಂಟೊಂದುಂಟು. ವಿಪಿಎನ್ ಮಾರ್ಗ ತೆರೆಯಲು ಚಿತ್ರದುರ್ಗದ ಹೊರವಿಳಾಸದ ಹೆಸರು ಬೇಕು. ಆ ಹೆಸರನ್ನೂ ಚಿತ್ರದುರ್ಗದಲ್ಲೇ ಕೇಳಬೇಕೆಂದು ನಿಯಮವಿದ್ದರೆ, ಕೇಳಲು ಮಾರ್ಗ ಬೇಕು, ಮಾರ್ಗಕ್ಕೆ ಹೆಸರು ಬೇಕು. ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತಿದಂತೆ. ಒಮ್ಮೆ ವಿದ್ಯುತ್ತು ಹೋಗಿ ಬಂದರೆ ಸಾಕು, ಶಾಖೆ ತಾನಾಗಿ ಏಳುವುದೇ ಇಲ್ಲ.

ಇದು ಸಣ್ಣವರಿಗೆ ಮಾತ್ರ ಬರುವ ಕಷ್ಟವೆಂದು ತಿಳಿಯಬೇಡಿ. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ಮೇಲೆ ವಾಟ್ಸಾಪ್, ಫೇಸ್‌ಬುಕ್‌ಗಳು ಸುಮಾರು ಆರು ಗಂಟೆ ಕಾಲ ನಿಂತುಹೋದದ್ದು ಅನೇಕರಿಗೆ ನೆನಪಿದ್ದೀತು. ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಆ ಕಂಪನಿಯ ಬೆನ್ನೆಲುಬಾದ ಜಾಲವೇ ಕಡಿದು, ಅದರ ಡಿಎನ್‌ಎಸ್ ಸರ್ವರುಗಳು ಲೋಕದ ಕಣ್ಣಿಗೆ ಮರೆಯಾದವು. ವಿಶೇಷವೆಂದರೆ, ದುರಸ್ತಿ ಮಾಡಬೇಕಾದ ಅವರ ಎಂಜಿನಿಯರುಗಳ ಸ್ವಂತ ಸಾಧನಗಳೂ ಅದೇ ಹೆಸರುಗಳನ್ನು ನೆಚ್ಚಿಕೊಂಡಿದ್ದವು. ಮನೆಯವರೇ ಹೊರಗೆ ನಿಂತರು.

ಆದ್ದರಿಂದ ಶಾಖೆಯ ಹೊರಗಿನ ಪ್ರಶ್ನೆಗಳು ಶಾಖೆಯಿಂದಲೇ ಹೊರಗೆ ಹೋಗಲಿ. ಒಳಗಿನ ಹೆಸರುಗಳಿಗೂ, ಸಾಧ್ಯವಿದ್ದರೆ, ಕೇವಲ ಷರತ್ತಿನ ಫಾರ್ವರ್ಡಿಂಗನ್ನು ನೆಚ್ಚದೆ ಚಿತ್ರದುರ್ಗದ ಪಟ್ಟಿಯ ಒಂದು ಪ್ರತಿಯನ್ನು ಶಾಖೆಯ ಸರ್ವರು ತಾನೇ ತರಿಸಿಟ್ಟುಕೊಳ್ಳುವಂತೆ ಮಾಡುವುದು ಮೇಲು. ಹೊಸದುರ್ಗದಂಥ ದೂರದ ಶಾಖೆಗೆ ನಾವು ಅದನ್ನೇ ಹೇಳುತ್ತೇವೆ. ಪಟ್ಟಿ ಚಿಕ್ಕದು, ಇಪ್ಪತ್ತು ಮೂವತ್ತು ಸಾಲು.

ಹೊರಗಿನ ಫಾರ್ವರ್ಡರುಗಳನ್ನು ಆರಿಸುವಾಗ ಎರಡನ್ನೂ ಒಬ್ಬರ ಮನೆಯಿಂದಲೇ ತರಬಾರದು. ಸಂಪರ್ಕ ಕೊಟ್ಟವರ ಸರ್ವರು ಒಂದಿದ್ದರೆ, ಇನ್ನೊಂದು ಬೇರೆಯವರದಿರಲಿ. ಎಲ್ಲರಿಗೂ ತೆರೆದಿಟ್ಟ ಸರ್ವರುಗಳು ಹಲವಿವೆ. ಗೂಗಲಿನ 8.8.8.8 ಬಂದದ್ದು 2009ರಲ್ಲಿ, ಕ್ವಾಡ್‌ನೈನ್‌ನ 9.9.9.9 ಬಂದದ್ದು 2017ರಲ್ಲಿ, ಕ್ಲೌಡ್‌ಫ್ಲೇರಿನ 1.1.1.1 ಬಂದದ್ದು 2018ರಲ್ಲಿ. ಯಾರನ್ನು ಆರಿಸಿದರೂ ಒಂದು ಮಾತು ನೆನಪಿರಲಿ. ಕಚೇರಿಯವರು ದಿನವಿಡೀ ಯಾವ ಯಾವ ಹೆಸರುಗಳನ್ನು ಕೇಳಿದರು, ಯಾವ ಬ್ಯಾಂಕು, ಯಾವ ಆಸ್ಪತ್ರೆ, ಯಾವ ವಕೀಲರು ಎಂಬುದೆಲ್ಲ ಆ ಸರ್ವರಿಗೆ ಕಾಣುತ್ತದೆ. ವಿದ್ಯಾರ್ಥಿನಿಲಯಗಳ ವ್ಯವಸ್ಥಾಪಕರು ಇದನ್ನು ವಿಶೇಷವಾಗಿ ಯೋಚಿಸಬೇಕು. ಕಚೇರಿಯ ಸರ್ವರಿನಲ್ಲಿಯೂ ಅಂಥ ದಾಖಲೆ ಉಳಿಯುವುದರಿಂದ, ಅದನ್ನು ಯಾರು ನೋಡಬಹುದು, ಎಷ್ಟು ದಿನ ಇಡಬೇಕು ಎಂದು ಮಂಡಳಿಯಲ್ಲಿ ಮೊದಲೇ ನಿರ್ಣಯವಾಗುವುದು ಒಳ್ಳೆಯದು. ಹುಡುಗಿಯರ ನಿಲಯವೊಂದರ ಪ್ರಶ್ನೆಗಳ ಪಟ್ಟಿಯನ್ನು ಕುತೂಹಲಕ್ಕೆಂದು ತಿರುವಿಹಾಕುವ ಹಕ್ಕು ಯಾರಿಗೂ ಇಲ್ಲ.

ಈಗ ಬಹುಮಂದಿ ಎಡವುವ ಕಲ್ಲು. ಮೇಜಿನ ಮೇಲಿನ ಗಣಕಗಳಲ್ಲಿ ಡಿಎನ್‌ಎಸ್ ಅಂಕಿಗೆ ಎರಡು ಖಾಲಿ ಜಾಗಗಳಿರುತ್ತವೆ. ಮೊದಲನೆಯದರಲ್ಲಿ ಕಚೇರಿಯ ಸರ್ವರನ್ನೂ ಎರಡನೆಯದರಲ್ಲಿ 8.8.8.8 ಅನ್ನೂ ತುಂಬಿ, ‘ಇದಕ್ಕೆ ತಿಳಿಯದಿದ್ದರೆ ಅದು ಹೇಳುತ್ತದೆ’ ಎಂದು ಸಮಾಧಾನಪಡುವವರುಂಟು. ಆದರೆ ಯಂತ್ರದ ನಡವಳಿಕೆ ಹಾಗಿಲ್ಲ. ‘ಅಂಥ ಹೆಸರಿಲ್ಲ’ ಎಂಬುದೂ ಪೂರ್ಣವಾದ ಉತ್ತರವೇ. ಅದನ್ನು ಕೇಳಿದ ಮೇಲೆ ಗಣಕವು ಎರಡನೆಯವರನ್ನು ವಿಚಾರಿಸುವುದಿಲ್ಲ. ಮೊದಲನೆಯವರು ಮೌನವಾಗಿದ್ದರೆ ಮಾತ್ರ ಎರಡನೆಯವರ ಬಳಿಗೆ ಹೋಗುತ್ತದೆ. ಹೋದ ಮೇಲೆ ಕೆಲವು ಕಾಲ ಅಲ್ಲಿಯೇ ನೆಲೆಸಿಬಿಡುವುದೂ ಉಂಟು. ಆಗ ‘ಸಂಘ ಡಾಟ್ ಇಂಟರ್ನಲ್’ ಎಂದು ಕೇಳಿದರೆ ಹೊರಗಿನ ಸರ್ವರು ಸತ್ಯವಾಗಿಯೇ ‘ಅಂಥ ಹೆಸರು ಜಗತ್ತಿನಲ್ಲಿಲ್ಲ’ ಎನ್ನುತ್ತದೆ. ಬೆಳಿಗ್ಗೆ ತೆರೆದ ಕಡತ ಮಧ್ಯಾಹ್ನ ತೆರೆಯುವುದಿಲ್ಲ, ಸಂಜೆ ಮತ್ತೆ ತೆರೆಯುತ್ತದೆ. ‘ಯಂತ್ರಕ್ಕೆ ಗಾಳಿ ಸೋಕಿದೆ’ ಎನ್ನುವ ಹಂತಕ್ಕೆ ಮಾತು ಹೋಗುತ್ತದೆ. ಎರಡನೆಯ ಜಾಗದಲ್ಲಿ ಒಳಗಿನ ಹೆಸರುಗಳನ್ನು ಬಲ್ಲ ಇನ್ನೊಂದು ಸರ್ವರನ್ನು ಬರೆಯಿರಿ, ಇಲ್ಲವೇ ಖಾಲಿ ಬಿಡಿ. ಹೊರಗಿನವರ ಅಂಕಿ ಇರಬೇಕಾದದ್ದು ಸರ್ವರಿನ ಫಾರ್ವರ್ಡರ್ ಪಟ್ಟಿಯಲ್ಲಿ. ಕೆಲವು ಬ್ರೌಸರುಗಳು ಕಚೇರಿಯ ಸರ್ವರನ್ನು ಬದಿಗಿಟ್ಟು ತಾವೇ ಗುಪ್ತವಾಗಿ ಹೊರಗಿನವರನ್ನು ಕೇಳುತ್ತವೆ. ಕಚೇರಿಯ ಗಣಕಗಳಲ್ಲಿ ಆ ಏರ್ಪಾಡನ್ನೂ ನೋಡಿಕೊಳ್ಳಬೇಕು.

ಹಾಗೆಯೇ ಚಿತ್ರದುರ್ಗವು ತಿಳಿಯದ್ದನ್ನೆಲ್ಲ ಹಿರಿಯೂರನ್ನೂ, ಹಿರಿಯೂರು ತಿಳಿಯದ್ದನ್ನೆಲ್ಲ ಚಿತ್ರದುರ್ಗವನ್ನೂ ಕೇಳುವಂತೆ ಬರೆದಿಡಬಾರದು. ಗಾಣದ ಎತ್ತಿನಂತೆ ಪ್ರಶ್ನೆ ಸುತ್ತುತ್ತದೆ, ಎಣ್ಣೆ ಬರುವುದಿಲ್ಲ.

ಫಾರ್ವರ್ಡರುಗಳೆಲ್ಲ ಮೌನವಾದಾಗ ಸರ್ವರು ತಾನೇ ಮೂಲ ದಫ್ತರದಿಂದ ಹುಡುಕಲಿ ಎಂದು ಹೇಳುವ ಅವಕಾಶವೂ ಉಂಟು. ಬೈಂಡಿನಲ್ಲಿ ‘ಫಾರ್ವರ್ಡ್ ಫಸ್ಟ್’ ಎಂದರೆ ಮೊದಲು ಅವರನ್ನು ಕೇಳಿ ಉತ್ತರ ಸಿಗದಿದ್ದರೆ ತಾನೇ ಹೋಗುವುದು. ‘ಫಾರ್ವರ್ಡ್ ಓನ್ಲಿ’ ಎಂದರೆ ಅವರನ್ನು ಬಿಟ್ಟು ಬೇರಾರನ್ನೂ ಕೇಳದಿರುವುದು. ಹೊರಗಿನ ಹೆಸರುಗಳಿಗೆ ಮೊದಲನೆಯದು, ಒಳಗಿನ ಹೆಸರುಗಳಿಗೆ ಎರಡನೆಯದು ತಕ್ಕದ್ದು. ಮೇಲೆ ಹೇಳಿದ ಸಂಘದಲ್ಲಿ ಈ ಅವಕಾಶವನ್ನು ಬಿಟ್ಟಿದ್ದರೆ ಅಂದು ಯಾರೂ ಹಿಂದಿರುಗಬೇಕಾಗಿರಲಿಲ್ಲ.

ಗಡಿಯಾರದ ಮಾತೊಂದಿದೆ. ಉತ್ತರಗಳು ಮಾರ್ಗದಲ್ಲಿ ತಿದ್ದಲ್ಪಟ್ಟಿಲ್ಲವೆಂದು ತಿಳಿಯಲು ಅವಕ್ಕೆ ಮುದ್ರೆಯೊತ್ತುವ ಡಿಎನ್‌ಎಸ್‌ಸೆಕ್ ಎಂಬ ಪದ್ಧತಿಯಿದೆ; 2010ರ ಜುಲೈನಿಂದ ಮೂಲ ದಫ್ತರಕ್ಕೂ ಆ ಮುದ್ರೆ ಬಿದ್ದಿದೆ. ಪ್ರತಿ ಮುದ್ರೆಗೂ ಆರಂಭದ, ಕೊನೆಯ ದಿನಾಂಕಗಳುಂಟು. ನಮ್ಮ ಹಳ್ಳಿಗಾಡಿನಲ್ಲಿ ವಿದ್ಯುತ್ತು ಹೋಗುವುದು ಹೊಸತಲ್ಲ. ಸರ್ವರಿನೊಳಗಿನ ಗುಂಡಿಯಷ್ಟು ಬ್ಯಾಟರಿ ಸತ್ತಿದ್ದರೆ, ವಿದ್ಯುತ್ತು ಬಂದಾಗ ಯಂತ್ರವು ಹತ್ತಾರು ವರುಷ ಹಿಂದಿನ ದಿನಾಂಕದೊಂದಿಗೆ ಎಚ್ಚರಗೊಳ್ಳುತ್ತದೆ. ಎಲ್ಲ ಮುದ್ರೆಗಳೂ ಅದಕ್ಕೆ ಸುಳ್ಳಾಗಿ ಕಾಣುತ್ತವೆ, ಎಲ್ಲ ಉತ್ತರಗಳನ್ನೂ ತಿರಸ್ಕರಿಸುತ್ತದೆ. ಸರಿಯಾದ ಸಮಯ ಹೇಳುವ ಸರ್ವರನ್ನು ಕೇಳೋಣವೆಂದರೆ ಅದರ ಹೆಸರೂ ಸಿಗದು. ಇಲ್ಲಿಯೂ ಕೀಲಿಕೈ ಪೆಟ್ಟಿಗೆಯೊಳಗೆ. ಕೆಲವೇ ರೂಪಾಯಿಗಳ ಆ ಬ್ಯಾಟರಿಯನ್ನು ಬದಲಿಸುವುದು, ಸಮಯದ ಸರ್ವರುಗಳಲ್ಲಿ ಒಂದನ್ನಾದರೂ ಹೆಸರಿನ ಬದಲು ಅಂಕಿಯಿಂದ ಬರೆದಿಡುವುದು ಇದಕ್ಕೆ ಪರಿಹಾರ. ‘ಇಂಟರ್ನಲ್’ ಎಂಬ ಕೊನೆಗೆ ಮೂಲ ದಫ್ತರದಲ್ಲಿ ಮುದ್ರೆಯಿಲ್ಲವಾದ್ದರಿಂದ, ಆ ಹೆಸರಿಗೆ ಮುದ್ರೆ ಕೇಳಬೇಡವೆಂದು ಸರ್ವರಿಗೆ ಪ್ರತ್ಯೇಕವಾಗಿ ತಿಳಿಸಬೇಕು.

ಕಚೇರಿಯ ಸರ್ವರು ಉತ್ತರ ಕೊಡಬೇಕಾದದ್ದು ನಾಲ್ಕು ಊರುಗಳ ಒಳಗಿನ ಗಣಕಗಳಿಗೆ ಮಾತ್ರ. ಲೋಕಕ್ಕೆಲ್ಲ ಬಾಗಿಲು ತೆರೆದಿಟ್ಟರೆ ದಾಸೋಹವಾಗುವುದಿಲ್ಲ. ದುಷ್ಟರು ಸುಳ್ಳು ವಿಳಾಸದಿಂದ ಸಣ್ಣ ಪ್ರಶ್ನೆ ಕೇಳಿ, ದೊಡ್ಡ ಉತ್ತರದ ಪ್ರವಾಹವನ್ನು ಬೇರಾರದೋ ಮನೆಯ ಮೇಲೆ ಹರಿಸುತ್ತಾರೆ. ರಕ್ಷಣಾಗೋಡೆಯಲ್ಲಿ 53ನೆಯ ಬಾಗಿಲನ್ನು ಒಳಗಿನವರಿಗೆ ತೆರೆಯುವಾಗ ಯುಡಿಪಿ, ಟಿಸಿಪಿ ಎರಡಕ್ಕೂ ತೆರೆಯಬೇಕು. ಉತ್ತರ ಉದ್ದವಾದಾಗ ಎರಡನೆಯದು ಬೇಕಾಗುತ್ತದೆ. ಅದನ್ನು ಮುಚ್ಚಿದರೆ ಕೆಲವು ಹೆಸರುಗಳು ಮಾತ್ರ ಸಿಗದೆ ಕಾಡುತ್ತವೆ.

ಎಲ್ಲ ಬರೆದಾದ ಮೇಲೆ ಪರೀಕ್ಷೆ. ಎನ್‌ಎಸ್‌ಲುಕಪ್ ಎಂಬ ಆಜ್ಞೆಯಿಂದ ಒಳಗಿನ ಒಂದು ಹೆಸರು, ಹೊರಗಿನ ಒಂದು ಹೆಸರು, ಇಲ್ಲದ ಒಂದು ಹೆಸರು, ಈ ಮೂರನ್ನು ಪ್ರತಿ ಶಾಖೆಯಿಂದಲೂ ಕೇಳಿ ನೋಡಬೇಕು. ಅನಂತರ ಒಂದು ಭಾನುವಾರ, ಮೊದಲ ಫಾರ್ವರ್ಡರನ್ನು ಬೇಕೆಂದೇ ತೆಗೆದುಹಾಕಿ ನೋಡಿ. ಚಿತ್ರದುರ್ಗದ ಮಾರ್ಗವನ್ನು ಬೇಕೆಂದೇ ಮುಚ್ಚಿ ಹೊಳಲ್ಕೆರೆ ಏನು ಮಾಡುತ್ತದೆಂದು ನೋಡಿ. ವಿದ್ಯುತ್ತನ್ನು ಬೇಕೆಂದೇ ಕಡಿದು, ಯಾರೂ ಮುಟ್ಟದೆ ಎಲ್ಲವೂ ತಾನಾಗಿ ಏಳುವುದೇ ಎಂದು ನೋಡಿ. ವಾಯಿದೆಯ ದಿನ ಕಲಿಯುವುದಕ್ಕಿಂತ ರಜೆಯ ದಿನ ಕಲಿಯುವುದು ಅಗ್ಗ.

ಕೊನೆಯದಾಗಿ ಒಂದು ಹಾಳೆ. ಯಾವ ಊರಿಗೆ ಯಾವ ಅಂಕಿಯ ಸಾಲು, ಸರ್ವರಿನ ಅಂಕಿ ಯಾವುದು, ಹೊರಗಿನ ಫಾರ್ವರ್ಡರುಗಳು ಯಾವುವು, ಅವನ್ನು ಯಾವ ದಿನ ಯಾರು ಬರೆದರು ಎಂಬುದನ್ನು ಕನ್ನಡದಲ್ಲಿ ಬರೆದು ಸರ್ವರಿನ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿರಿ. ಸ್ಥಾಪಿಸಿದವರ ಕಂಪನಿ ಮುಚ್ಚಬಹುದು, ಕಾರ್ಯದರ್ಶಿ ವರ್ಗವಾಗಬಹುದು; ಹಾಳೆ ಅಲ್ಲಿರುತ್ತದೆ. ಪ್ರತಿ ವರುಷ ಸರ್ವಸದಸ್ಯರ ಸಭೆಗೆ ಮುನ್ನ ಒಮ್ಮೆ ಓದಿ ಸಹಿ ಹಾಕಿದರೆ ಸಾಕು. ಪಾಸ್‌ವರ್ಡನ್ನು ಮಾತ್ರ ಆ ಹಾಳೆಯಲ್ಲಿ ಬರೆಯಬಾರದು. ಅದು ಮೊಹರು ಮಾಡಿದ ಲಕೋಟೆಯಲ್ಲಿ, ಸಂಘದ ತಿಜೋರಿಯಲ್ಲಿರಲಿ.